ಒಬ್ಬರೇ ಆಡುವಾಗ ನೋಡುವವರು ಯಾರು?

(ನಮ್ಮ ಕನ್ನಡ ವೇಳೆಯಲ್ಲಿ ಪ್ರಸಾರವಾದ ಮಾತಿನ ಬರಹ ರೂಪ)

ಇವತ್ತಿನ ಮಾತು ಇಸ್ಪೀಟಿನ ಬಗ್ಗೆ. ದಯವಿಟ್ಟು ರೇಡಿಯೋ ಆಫ್ ಮಾಡಬೇಡಿ, ದುಡ್ಡು ಕಟ್ಟಿ ಆಡುವ ಇಸ್ಪೀಟಿನ ಮಾತಲ್ಲ ಇದು. ಎದುರಿಗೆ ಯಾರೂ ಇಲ್ಲದೆ ಒಬ್ಬರೇ ಕೂತು ಆಡುವ, ಅದರಲ್ಲೂ ಸ್ಪೈಡರ್‌ಮ್ಯಾನ್, ಹಲ್ಕ್, ಕ್ಯಾಪ್ಟನ್ ಅಮೆರಿಕ ಇರುವ ಒಂದು ಎಲೆಯಾಟದ ಮಾತು. ಮೂವತ್ತು ದಾಟಿದವಳು, ಕನ್ನಡ ಬಿ.ಎ. ಓದಿದವಳು, ಮೇಣದಬತ್ತಿ ಹಚ್ಚಿಟ್ಟುಕೊಂಡು ಸ್ಪೈಡರ್‌ಮ್ಯಾನ್ ಜೊತೆ ಎಲೆ ಕಲೆಸುವುದೇ ಎಂದು ನಗುವವರು ನಗಬಹುದು. ನಮ್ಮಮ್ಮ ಮಾತ್ರ ನಗಲಿಲ್ಲ, ಬೈದರು. ಆ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಎಲೆ ಎಂದರೆ ಊಟದ ಬಾಳೆ ಎಲೆ, ಇಲ್ಲವೇ ವೀಳ್ಯದೆಲೆ. ಮೂರನೆಯ ಜಾತಿಯ ಎಲೆ ಹೊಸ್ತಿಲು ದಾಟಿ ಒಳಗೆ ಬರುವಂತಿರಲಿಲ್ಲ. ಧರ್ಮರಾಯನಂಥ ಧರ್ಮರಾಯನೇ ಜೂಜಾಡಿ ಕೆಟ್ಟ, ನಮ್ಮ ಪಾಡೇನು ಎನ್ನುವುದು ಅಮ್ಮನ ವಾದ. ಹಾಗಾಗಿ ನಾನು ಮೊದಲ ಸಲ ಎಲೆ ಕಲೆಸಲು ಕಲಿತದ್ದು ಚೆನ್ನೈಗೆ ಬಂದ ಮೇಲೆ, ಕೋಣೆ ಹಂಚಿಕೊಂಡಿದ್ದ ಗೆಳತಿಯಿಂದ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಆಕೆ ಒಂದು ದಿನ ಇಟ್ಟಿಗೆಯಷ್ಟು ಭಾರದ ಪೆಟ್ಟಿಗೆಯೊಂದನ್ನು ತಂದಳು. ಶನಿವಾರ ಸಂಜೆ ನಾವಿಬ್ಬರೂ ಆಡುತ್ತಿದ್ದೆವು. 2023ರ ಜೂನ್‌ನಲ್ಲಿ ಅವಳು ಕೆನಡಾಕ್ಕೆ ಹೊರಟಳು. ಸೂಟ್‌ಕೇಸಿನ ತೂಕ ಮೀರಿದ್ದರಿಂದ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಆಡುವವರಿಲ್ಲದ ಆಟ, ಅಟ್ಟ ಸೇರಿತು.

ಈ ಆಟದ ಹೆಸರು 'ಲೆಜೆಂಡರಿ'. ಅಮೆರಿಕದ ಅಪ್ಪರ್ ಡೆಕ್ ಕಂಪನಿ 2012ರಲ್ಲಿ ಹೊರತಂದದ್ದು. ರೂಪಿಸಿದವರು ಡೆವಿನ್ ಲೋ. ಇದು ಡೆಕ್ ಬಿಲ್ಡಿಂಗ್ ಎಂಬ ಜಾತಿಯ ಆಟ, ಅಂದರೆ ಕಟ್ಟು ಕಟ್ಟುವ ಆಟ. ರಮ್ಮಿಯಲ್ಲಿ ಎಲ್ಲರಿಗೂ ಒಂದೇ ಕಟ್ಟಿನಿಂದ ಎಲೆ ಹಂಚುತ್ತೇವಲ್ಲ, ಇಲ್ಲಿ ಹಾಗಲ್ಲ. ಪ್ರತಿಯೊಬ್ಬರಿಗೂ ಮೊದಲಿಗೆ ಒಂದು ಬಡಕಲು ಕಟ್ಟು ಸಿಗುತ್ತದೆ. ಆಡುತ್ತಾ ಆಡುತ್ತಾ ಒಳ್ಳೆಯ ಎಲೆಗಳನ್ನು ಸಂಪಾದಿಸಿ, ಆ ಕಟ್ಟನ್ನು ನಾವೇ ಬೆಳೆಸಿಕೊಳ್ಳಬೇಕು. ಈ ಬಗೆಯ ಆಟ ಜನಪ್ರಿಯವಾದದ್ದು 2008ರಲ್ಲಿ ಬಂದ 'ಡೊಮಿನಿಯನ್' ಎಂಬ ಆಟದಿಂದ. ಡೊನಾಲ್ಡ್ ವ್ಯಾಕರಿನೋ ಮಾಡಿದ ಆ ಆಟಕ್ಕೆ ಮರುವರ್ಷವೇ ಜರ್ಮನಿಯ ವರ್ಷದ ಆಟ ಪ್ರಶಸ್ತಿ ಬಂತು. ನಾಲ್ಕು ವರ್ಷದ ನಂತರ ಬಂದ 'ಲೆಜೆಂಡರಿ' ಆ ಕ್ರಮಕ್ಕೆ ಮಾರ್ವೆಲ್ ಕಾಮಿಕ್ಸಿನ ವೀರರನ್ನೂ ಖಳರನ್ನೂ ಸೇರಿಸಿತು.

ಈಗ 2023ರ ಡಿಸೆಂಬರ್‌ಗೆ ಬರೋಣ. ಚೆನ್ನೈನ ಕೇಳುಗರಿಗೆ ನಾನು ನೆನಪಿಸಬೇಕಿಲ್ಲ. ಮಿಚಾಂಗ್ ಚಂಡಮಾರುತ. ಡಿಸೆಂಬರ್ 3ರಂದು ಹಿಡಿದ ಮಳೆ 4ರಂದು ದಿನವಿಡೀ ಸುರಿಯಿತು. ನಮ್ಮ ಬೀದಿಯಲ್ಲಿ ಮೊದಲು ಕರೆಂಟ್ ಹೋಯಿತು, ಆಮೇಲೆ ಮೊಬೈಲ್ ಸಿಗ್ನಲ್ ಹೋಯಿತು, ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಮನೆಯೊಳಗೆ ನೀರು ನುಗ್ಗಿತು. ಕೆಳಗೆ ಇದ್ದವರು ಮನೆ ಓನರ್, ಎಪ್ಪತ್ತು ದಾಟಿದ ಪಾಟಿ. ಮೆಟ್ಟಿಲು ಹತ್ತಿಸಿ ಅವರನ್ನು ನನ್ನ ಕೋಣೆಗೆ ಕರೆದುಕೊಂಡು ಬಂದೆ. ಅವರ ಒಂದು ಕೈಯಲ್ಲಿ ದೇವರ ಪಟ, ಇನ್ನೊಂದು ಕೈಯಲ್ಲಿ ಹಳೆಯ ಟ್ರಾನ್ಸಿಸ್ಟರ್.

ಡ್ಯೂಟಿಗೆ ಹೋಗಲು ದಾರಿಯಿಲ್ಲ, ಊರಿಗೆ ಫೋನ್ ಮಾಡಲು ಉಪಾಯವಿಲ್ಲ. ಅಮ್ಮ ಟಿವಿಯಲ್ಲಿ ಚೆನ್ನೈ ನೋಡಿ ಎಷ್ಟು ಒದ್ದಾಡುತ್ತಿರುತ್ತಾರೋ ಎನ್ನುವ ಚಿಂತೆ. ಕತ್ತಲಾಯಿತು. ಪಾಟಿ ಮಲಗಿದರು. ನನಗೆ ನಿದ್ದೆ ಬರಲಿಲ್ಲ. ಕೆಳಗಿನ ಮೆಟ್ಟಿಲಿಗೆ ನೀರು ಬಡಿಯುವ ಸದ್ದನ್ನು ಕೇಳುತ್ತಾ ಎಷ್ಟು ಹೊತ್ತು ಕೂರುವುದು? ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಎಲೆಗಳನ್ನು ಸುಮ್ಮನೆ ಜೋಡಿಸಿಡೋಣ ಎಂದುಕೊಂಡವಳು ನಿಯಮದ ಪುಸ್ತಕ ತಿರುವಿದೆ. ಐದು ಜನರವರೆಗೆ ಆಡಬಹುದು ಎಂದು ಗೊತ್ತಿತ್ತು. ಒಬ್ಬರೇ ಆಡುವುದಕ್ಕೂ ನಿಯಮ ಬರೆದಿದ್ದಾರೆ ಎಂಬುದನ್ನು ಆ ರಾತ್ರಿಯವರೆಗೂ ನಾನು ಓದಿಯೇ ಇರಲಿಲ್ಲ.

ಒಬ್ಬರೇ ಆಡುವುದು ಹೇಗೆ ಎಂದು ಸ್ವಲ್ಪ ವಿವರಿಸುತ್ತೇನೆ.

ನಮ್ಮ ಕೈಗೆ ಮೊದಲು ಬರುವುದು 12 ಎಲೆಗಳು. ಎಂಟು ಶೀಲ್ಡ್ ಏಜೆಂಟರು, ನಾಲ್ಕು ಶೀಲ್ಡ್ ಪೇದೆಗಳು. ಏಜೆಂಟರಿಂದ ವೀರರನ್ನು ಸೇರಿಸಿಕೊಳ್ಳುವ ಅಂಕ ಸಿಗುತ್ತದೆ, ಪೇದೆಗಳಿಂದ ಹೊಡೆದಾಡುವ ಅಂಕ ಸಿಗುತ್ತದೆ. ಎಲ್ಲರೂ ಒಂದೊಂದು ಅಂಕದ ಬಡಪಾಯಿಗಳೇ. ಪ್ರತಿ ಸರದಿಗೆ ಆರು ಎಲೆ ಕೈಗೆ ಬರುತ್ತದೆ. ಮುಂದುಗಡೆ ಐದು ವೀರರ ಎಲೆಗಳು ಸಾಲಾಗಿ ಮುಖ ಮೇಲಾಗಿ ಬಿದ್ದಿರುತ್ತವೆ. ಅಂಕ ಕೊಟ್ಟು ಅವರನ್ನು ಸೇರಿಸಿಕೊಳ್ಳಬೇಕು. ಸೇರಿಸಿಕೊಂಡ ಎಲೆ ಕೂಡಲೇ ಕೈಗೆ ಬರುವುದಿಲ್ಲ, ಆಡಿ ಬಿಟ್ಟ ಎಲೆಗಳ ರಾಶಿಗೆ ಹೋಗುತ್ತದೆ. ನಮ್ಮ ಕಟ್ಟು ಮುಗಿದಾಗ ಆ ರಾಶಿಯನ್ನು ಕಲೆಸಿ ಹೊಸ ಕಟ್ಟು ಮಾಡಿಕೊಳ್ಳುತ್ತೇವಲ್ಲ, ಆಗ ಅದು ಬರುತ್ತದೆ. ಇವತ್ತು ಮಾಡಿದ ಆಯ್ಕೆಯ ಫಲ ಆಮೇಲೆ ಎಂದೋ.

ಇನ್ನೊಂದು ಕಡೆ ಖಳರ ಕಟ್ಟು. ಪ್ರತಿ ಸರದಿಯ ಆರಂಭದಲ್ಲಿ ಅದರಿಂದ ಒಂದು ಎಲೆ ತಿರುಗಿಸಬೇಕು. ಖಳ ಬಂದರೆ ಅವನು ನಗರದೊಳಗೆ ಕಾಲಿಡುತ್ತಾನೆ. ನಗರದಲ್ಲಿ ಐದು ಠಾವು: ಚರಂಡಿ, ಬ್ಯಾಂಕು, ತಾರಸಿ, ಬೀದಿ, ಸೇತುವೆ. ಹೊಸಬ ಬಂದಂತೆ ಹಳಬ ಮುಂದಕ್ಕೆ ತಳ್ಳಿಸಿಕೊಳ್ಳುತ್ತಾನೆ. ಸೇತುವೆ ದಾಟಿದರೆ ತಪ್ಪಿಸಿಕೊಂಡ ಹಾಗೆ. ಅದೇ ಕಟ್ಟಿನಲ್ಲಿ ಪಾಪದ ನಾಗರಿಕರೂ ಇರುತ್ತಾರೆ, ಅವರನ್ನು ಖಳರು ಒತ್ತೆ ಹಿಡಿಯುತ್ತಾರೆ. ಇಷ್ಟಕ್ಕೆಲ್ಲ ಮೇಲೆ ಒಬ್ಬ ಮಹಾಖಳ ಕೂತಿರುತ್ತಾನೆ. ಅವನನ್ನು ನಾಲ್ಕು ಸಲ ಸೋಲಿಸಿದರೆ ಗೆಲುವು ನಮ್ಮದು.

ಆ ರಾತ್ರಿ ನಾನು ಆರಿಸಿಕೊಂಡ ಮಹಾಖಳ ಲೋಕಿ, ಥಾರ್‌ನ ತಮ್ಮ, ಮೋಸಕ್ಕೆ ಹೆಸರಾದವನು. ಅವನಿಗೆ ಒಂದು ಏಟು ಹಾಕಲು ಒಂದೇ ಸರದಿಯಲ್ಲಿ 10 ಅಂಕ ಬೇಕು. ಅವನ ಸಂಚು ಬ್ಯಾಂಕ್ ದರೋಡೆ. ಖಳರು ಎಂಟು ಜನ ನಾಗರಿಕರನ್ನು ಹೊತ್ತುಕೊಂಡು ಸೇತುವೆ ದಾಟಿದರೆ ನಾನು ಸೋತಂತೆ. ನಿಯಮದ ಪ್ರಕಾರ ಎಣಿಸಿದರೆ ಖಳರ ಕಟ್ಟಿನಲ್ಲಿ ಎಂಟು ಖಳರು, ಮೂವರು ಬಂಟರು, 12 ನಾಗರಿಕರು, ಸಂಚಿನ ತಿರುವಿನ ಎಂಟು ಎಲೆ, ಲೋಕಿಯೇ ಏಟು ಕೊಡುವ ಎಲೆ ಒಂದು. ಒಟ್ಟು 32. ಸಂಚಿನ ತಿರುವು ಬಂದಾಗ, ಬ್ಯಾಂಕಿನಲ್ಲಿರುವ ಖಳ ಇನ್ನೂ ಇಬ್ಬರು ನಾಗರಿಕರನ್ನು ಹಿಡಿದುಕೊಳ್ಳುತ್ತಾನೆ, ಮೇಲಿನಿಂದ ಮತ್ತೊಂದು ಎಲೆಯೂ ಬೀಳುತ್ತದೆ. ಒಬ್ಬರೇ ಆಡುವವರಿಗೆ ಇನ್ನೊಂದು ಶಿಕ್ಷೆ ಉಂಟು. ಪ್ರತಿ ತಿರುವಿಗೆ ಮುಂದಿನ ಸಾಲಿನಿಂದ ಒಬ್ಬ ವೀರನನ್ನು ತೆಗೆದಿಡಬೇಕು. ಜೊತೆಗಾರರಿದ್ದರೆ ಸಾಲಿನಲ್ಲಿರುವ ವೀರರನ್ನು ಅವರೂ ತೆಗೆದುಕೊಂಡು ಹೋಗುತ್ತಿದ್ದರಲ್ಲ, ಇಲ್ಲಿ ಆ ಕೆಲಸವನ್ನು ಸಂಚೇ ಮಾಡುತ್ತದೆ. ಸಾಲಿನಲ್ಲಿ ನಾನು ಕಣ್ಣಿಟ್ಟಿದ್ದ ಹಲ್ಕ್‌ನನ್ನು ನನ್ನ ಕೈಯಾರೆ ತೆಗೆದಿಟ್ಟಾಗ ಹೊಟ್ಟೆ ಉರಿಯಿತು.

ನನ್ನ ಪಡೆ ಮೂವರು: ಸ್ಪೈಡರ್‌ಮ್ಯಾನ್, ಕ್ಯಾಪ್ಟನ್ ಅಮೆರಿಕ, ಹಲ್ಕ್. ಈ ಆಟದಲ್ಲಿ ನನಗೆ ತುಂಬ ಹಿಡಿಸಿದ್ದು ಎಂದರೆ ಒಬ್ಬೊಬ್ಬನ ಸ್ವಭಾವವನ್ನು ಎಲೆಯಲ್ಲಿ ಇಳಿಸಿರುವ ರೀತಿ. ಸ್ಪೈಡರ್‌ಮ್ಯಾನ್ ಬಡ ಹುಡುಗ. ಅವನ ಯಾವ ಎಲೆಗೂ ಬೆಲೆ ಎರಡಕ್ಕಿಂತ ಹೆಚ್ಚಿಲ್ಲ. ಒಂದೇ ಎಲೆ ಇದ್ದರೆ ಪ್ರಯೋಜನ ಕಡಿಮೆ, ಆದರೆ ಒಂದರ ಹಿಂದೆ ಒಂದು ಬರತೊಡಗಿದರೆ ಎಲೆ ಎಲೆಯನ್ನು ಎಳೆದುಕೊಂಡು ಬರುತ್ತದೆ. ಕ್ಯಾಪ್ಟನ್ ಅಮೆರಿಕ ಒಬ್ಬನೇ ನಿಂತರೆ ಏನೂ ಅಲ್ಲ, ಕೈಯಲ್ಲಿ ಬೇರೆ ಬೇರೆ ಬಣ್ಣದ ವೀರರಿದ್ದಷ್ಟೂ ಅವನ ಅಂಕ ಏರುತ್ತದೆ. ಹಲ್ಕ್‌ನ ವಿಷಯ ಇನ್ನೂ ಸ್ವಾರಸ್ಯ. ಅವನು ರೊಚ್ಚಿಗೆದ್ದು ಹೊಡೆದರೆ ನಮಗೇ ಒಂದು ಗಾಯದ ಎಲೆ ಬರುತ್ತದೆ, ಆದರೆ ಅವನ ಇನ್ನೊಂದು ಎಲೆ ಗಾಯವನ್ನು ನುಂಗಿ ಅದನ್ನೇ ಬಲವಾಗಿ ಮಾಡಿಕೊಳ್ಳುತ್ತದೆ.

ಗಾಯ ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗಾಯದ ಎಲೆ ನಮ್ಮನ್ನು ಕೊಲ್ಲುವುದಿಲ್ಲ. ಕಟ್ಟಿನೊಳಗೆ ಸೇರಿಕೊಂಡು, ಒಳ್ಳೆಯ ಎಲೆ ಬರಬೇಕಾದ ಜಾಗದಲ್ಲಿ ತಾನು ಬಂದು ಕೂರುತ್ತದೆ, ಅಷ್ಟೆ. ಅದನ್ನು ಕಳೆದುಕೊಳ್ಳಲು ಒಂದು ದಾರಿ ಇದೆ. ಒಂದು ಸರದಿಯಲ್ಲಿ ಯಾರನ್ನೂ ಸೇರಿಸಿಕೊಳ್ಳದೆ, ಯಾರ ಜೊತೆಗೂ ಹೊಡೆದಾಡದೆ ಸುಮ್ಮನಿದ್ದರೆ, ಕೈಯಲ್ಲಿರುವ ಗಾಯಗಳನ್ನೆಲ್ಲ ಆಟದಿಂದಲೇ ಹೊರಹಾಕಬಹುದು. ಖಳರು ನುಗ್ಗಿ ಬರುತ್ತಿರುವಾಗ ಸುಮ್ಮನೆ ಕೂರುವ ಧೈರ್ಯ ಯಾರಿಗೆ ಬರುತ್ತದೆ ಹೇಳಿ? ಗೆಳತಿಯ ಜೊತೆ ಆಡುವಾಗ ನಾನು ಒಮ್ಮೆಯೂ ಹಾಗೆ ಕೂತಿರಲಿಲ್ಲ, ಗಾಯಗಳನ್ನು ಹೊತ್ತುಕೊಂಡೇ ಆಡುತ್ತಿದ್ದೆ. ಆ ರಾತ್ರಿ ಮೊದಲ ಸಲ ಒಂದು ಸರದಿ ಬಿಟ್ಟುಕೊಟ್ಟೆ. ಅಮ್ಮನಿಗೆ ಫೋನ್ ಸಿಗುವುದಿಲ್ಲ, ನೀರು ಇಳಿಯುವುದಿಲ್ಲ, ನಾನು ಈಗ ಮಾಡಬಹುದಾದದ್ದು ಏನೂ ಇಲ್ಲ ಎಂದು ಆ ಹೊತ್ತಿಗೆ ಸ್ವಲ್ಪ ಮನಸ್ಸಿಗೆ ಬಂದಿತ್ತು ಎಂದು ಕಾಣುತ್ತದೆ.

ಕೇಳುಗರೇ, ಈಗ ನನ್ನ ಕಳ್ಳತನಕ್ಕೆ ಬರುತ್ತೇನೆ.

ಮಧ್ಯರಾತ್ರಿ ದಾಟಿತ್ತು. ಲೋಕಿಗೆ ಮೂರು ಏಟು ಬಿದ್ದಿತ್ತು, ಇನ್ನೊಂದು ಬಾಕಿ. ಆದರೆ ಆರು ಜನ ನಾಗರಿಕರು ಆಗಲೇ ಸೇತುವೆಯಾಚೆ ಹೋಗಿದ್ದರು. ನಗರದ ಐದೂ ಠಾವು ಭರ್ತಿ. ಸೇತುವೆಯ ಮೇಲೆ ನಿಂತವನ ಹತ್ತಿರ ಇನ್ನಿಬ್ಬರು ಒತ್ತೆಯಾಳುಗಳು. ಖಳರ ಕಟ್ಟಿನಿಂದ ಮುಂದಿನ ಎಲೆ ಖಳನದಾಗಿದ್ದರೆ ಮುಗಿಯಿತು. ತಿರುಗಿಸಿದೆ. ಹ್ಯಾಂಡ್ ನಿಂಜಾ, ಒಬ್ಬ ಪುಟಗೋಸಿ ಬಂಟ. ನನ್ನ ಕೈಯಲ್ಲಿ ಲೋಕಿಯನ್ನು ಮುಗಿಸುವ ಹತ್ತು ಅಂಕ ಸಿದ್ಧವಾಗಿತ್ತು. ಪಾಟಿ ಗೊರಕೆ ಹೊಡೆಯುತ್ತಿದ್ದರು. ನಾನು ಆ ನಿಂಜಾನನ್ನು ಮೆಲ್ಲಗೆ ಕಟ್ಟಿನ ಅಡಿಗೆ ಸೇರಿಸಿದೆ. ಮುಂದಿನ ಎಲೆ ಒಬ್ಬ ನಾಗರಿಕ. ಲೋಕಿಗೆ ನಾಲ್ಕನೆಯ ಏಟು ಹಾಕಿದೆ. ಗೆದ್ದೆ.

ಗೆದ್ದು ಏನು ಮಾಡುವುದು? ಮೇಣದಬತ್ತಿ ಉರಿಯುತ್ತಿದೆ. ನೀರು ಮೆಟ್ಟಿಲಿಗೆ ಬಡಿಯುತ್ತಿದೆ. ಎಲೆಗಳನ್ನು ಎತ್ತಿಟ್ಟು ಮಲಗಿದೆ. ರಮ್ಮಿಯಲ್ಲಿ ಮೋಸ ಮಾಡಿದವನಿಗೆ ಸಿಕ್ಕಿಬೀಳುವ ಭಯವಾದರೂ ಇರುತ್ತದೆ, ದಕ್ಕಿಸಿಕೊಂಡರೆ ನಾಲ್ಕು ಕಾಸಾದರೂ ಉಳಿಯುತ್ತದೆ. ನನಗೆ ಎರಡೂ ಇರಲಿಲ್ಲ. ಎಷ್ಟು ಸಪ್ಪೆಯಾದ ಗೆಲುವು ಎಂದರೆ, ಬೆಳಗ್ಗೆ ಎದ್ದಾಗ ಮೊದಲು ನೆನಪಾದದ್ದು ಮಳೆಯಲ್ಲ, ಆ ನಿಂಜಾ.

ಮರುದಿನ, 5ನೆಯ ತಾರೀಕು, ಮಳೆ ನಿಂತಿತು. ನಮ್ಮ ಬೀದಿಗೆ ಕರೆಂಟು ಬರಲಿಲ್ಲ. ಪಾಟಿಯ ಟ್ರಾನ್ಸಿಸ್ಟರ್ ಒಂದೇ ಮಾತಾಡುತ್ತಿತ್ತು. ತಮಿಳಿನಲ್ಲಿ ಒಬ್ಬ ಉದ್ಘೋಷಕಿ ನಿಧಾನವಾಗಿ, ಸ್ಪಷ್ಟವಾಗಿ ಸೂಚನೆಗಳನ್ನು ಓದುತ್ತಿದ್ದರು. ವರ್ಷಗಟ್ಟಲೆ ಮೈಕಿನ ಆಚೆ ಕೂತವಳು ನಾನು, ಈಚೆ ಕಡೆ ಕೂತು ಇಷ್ಟು ಆಸೆಯಿಂದ ಯಾವತ್ತೂ ಕೇಳಿರಲಿಲ್ಲ. ಆಕೆಯೂ ನನ್ನ ಹಾಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೂತಿರುತ್ತಾರೆ. ಒಂದು ಸಾಲು ಬಿಟ್ಟರೂ ಆಕೆಯ ಎದುರಿಗೆ ಕೂತು ಹಿಡಿಯುವವರಿಲ್ಲ. ಆದರೂ ಬಿಡದೆ ಓದುತ್ತಿದ್ದರು.

ನಾನು ಮತ್ತೆ ಎಲೆ ಹರಡಿದ್ದನ್ನು ನೋಡಿ ಪಾಟಿ ಹತ್ತಿರ ಬಂದು ಕೂತರು. "ತನಿಯಾ ವಿಳೈಯಾಡ್ರಿಯಾ?" ಎಂದರು. ಒಬ್ಬಳೇ ಆಡುತ್ತಿದ್ದೀಯಾ ಎಂದು. ಸ್ಪೈಡರ್‌ಮ್ಯಾನ್ ಅವರಿಗೆ ಮೊಮ್ಮಕ್ಕಳ ಕಡೆಯಿಂದ ಪರಿಚಯ. ಹಲ್ಕ್‌ನನ್ನು ನೋಡಿ ಭೀಮನೇ ಸರಿ ಎಂದರು. ಆಮೇಲೆ ಅವರು ಒಂದು ವಿಷಯ ಹೇಳಿದರು. ನಮ್ಮ ಅಳಗುಳಿಮಣೆ, ತುಳುನಾಡಿನ ಚೆನ್ನೆಮಣೆ ಇದೆಯಲ್ಲ, ಅದೇ ತಮಿಳಿನಲ್ಲಿ ಪಲ್ಲಾಂಗುಳಿ. ಅದನ್ನು ಒಬ್ಬರೇ ಆಡುವ ಒಂದು ಬಗೆಗೆ ಸೀತೈ ಪಾಂಡಿ ಎಂದು ಹೆಸರಂತೆ. ಅಶೋಕವನದಲ್ಲಿ ಸೀತೆ ಒಬ್ಬಳೇ ಕೂತು ಆಡಿದ ಆಟ ಅದು ಎಂದು ಜನ ಹೇಳುತ್ತಾರಂತೆ.

ಒಬ್ಬರೇ ಆಡುವುದು ಕಂಪ್ಯೂಟರಿನ ಸಾಲಿಟೇರ್‌ನಿಂದ ಬಂದ ಅಭ್ಯಾಸ ಎಂದು ನಾನು ತಿಳಿದಿದ್ದೆ. 1990ರ ವಿಂಡೋಸ್ 3.0 ಜೊತೆ ಬಂದ ಆ ಆಟವನ್ನು ಕಚೇರಿಗಳಲ್ಲಿ ಆಡದವರು ಯಾರು? ಆದರೆ ಒಂಟಿಯಾಗಿ ಕೂತವರಿಗೆ ಒಂದು ಆಟ ಬೇಕು ಎನ್ನುವುದು ನಮ್ಮ ಅಜ್ಜಿಯರಿಗೆ ಎಂದೋ ಗೊತ್ತಿತ್ತು.

ಪಾಟಿಗೆ ರಾತ್ರಿಯ ಕಳ್ಳತನ ಹೇಳಿಕೊಂಡೆ. ನಿಂಜಾನ ಎಲೆಯನ್ನೂ ತೋರಿಸಿದೆ. ಅವರು ಬೈಯಲಿಲ್ಲ, ಧರ್ಮ ಬೋಧಿಸಲಿಲ್ಲ. ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಹಾಗಾದರೆ ಆ ಆಟ ಇನ್ನೂ ಮುಗಿದಿಲ್ಲ" ಎಂದರು.

ಅದೇ ಲೋಕಿ, ಅದೇ ದರೋಡೆ, ಅದೇ ಮೂವರು ವೀರರು. ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಖಳರ ಎಲೆಯನ್ನು ಪಾಟಿ ತಿರುಗಿಸುತ್ತಿದ್ದರು. ಲೋಕಿಗೆ ಎರಡೇ ಏಟು ಹಾಕುವಷ್ಟರಲ್ಲಿ ಎಂಟನೆಯ ನಾಗರಿಕ ಸೇತುವೆ ದಾಟಿದ. ಚೆನ್ನಾಗಿಯೇ ಸೋತೆ. ಎಲ್ಲಿ ತಪ್ಪಿದೆ ಎಂದೂ ಗೊತ್ತಾಯಿತು. ಹಲ್ಕ್‌ನ ಆಸೆಗೆ ಬಿದ್ದು ಎರಡು ಸರದಿ ಅಂಕ ವ್ಯರ್ಥ ಮಾಡಿದ್ದೆ, ಅಷ್ಟರಲ್ಲಿ ಅಗ್ಗದ ಸ್ಪೈಡರ್‌ಮ್ಯಾನ್ ಎಲೆಗಳು ಕೈತಪ್ಪಿದ್ದವು. ಮೋಸ ಮಾಡಿ ಗೆದ್ದ ಆಟದಿಂದ ನಾನು ಇಷ್ಟನ್ನೂ ಕಲಿತಿರಲಿಲ್ಲ. ಆ ಮಧ್ಯಾಹ್ನವೇ ಇನ್ನೊಂದು ಆಟ ಹಾಕಿದೆ.

ಅಂದಿನಿಂದ ಇಂದಿನವರೆಗೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತಾರೀಕು, ಮಹಾಖಳನ ಹೆಸರು, ನನ್ನ ಮೂವರು ವೀರರು, ಗೆಲುವೋ ಸೋಲೋ. ಒಂಟಿಯಾಗಿ ಆಡಬೇಕೆನ್ನುವವರಿಗೆ ನನ್ನ ಮೊದಲ ಸಲಹೆ ಅದೇ. ನೋಡುವವರಿಲ್ಲದಾಗ ಬರೆದಿಟ್ಟ ಪುಸ್ತಕವೇ ಎದುರಿಗೆ ಕೂತವರ ಹಾಗೆ. ಎರಡನೆಯದು, ಶುರುವಿನಲ್ಲಿ ಮೂರು ಅಂಕಕ್ಕೆ ಸಿಗುವ ಶೀಲ್ಡ್ ಅಧಿಕಾರಿಯನ್ನು ಕಡೆಗಣಿಸಬೇಡಿ. ಅವನಿಂದ ಎರಡು ಅಂಕ ಬರುತ್ತದೆ, ಸಾಲಿನಲ್ಲಿ ಕೊಳ್ಳುವಂಥದ್ದು ಏನೂ ಇಲ್ಲದಾಗ ಅವನೇ ಗತಿ. ಮೂರನೆಯದು, ಕಟ್ಟು ದಪ್ಪಗಾದರೆ ಬಲ ಬಂತು ಎಂದುಕೊಳ್ಳಬೇಡಿ. ಮೊದಲಿನ ಬಡಪಾಯಿ ಎಲೆಗಳನ್ನು ಹೊರಹಾಕುವ ಅವಕಾಶ ಸಿಕ್ಕಾಗ ಬಿಡಬೇಡಿ. ನಿಕ್ ಫ್ಯೂರಿಯ ಒಂದು ಎಲೆ ಶೀಲ್ಡ್‌ನವನೊಬ್ಬನನ್ನು ತೆಗೆದು ಅಧಿಕಾರಿಯನ್ನು ಕೊಡುತ್ತದೆ, ಅಂಥವನ್ನು ಹುಡುಕಿ. ನಾಲ್ಕನೆಯದು, ಮೊದಲು ರೆಡ್ ಸ್ಕಲ್‌ನಂಥ ಏಳು ಅಂಕದ ಖಳನ ಜೊತೆ ಆಡಿ. ನನ್ನ ಹಾಗೆ ಮೊದಲ ದಿನವೇ ಲೋಕಿಯನ್ನು ಕೆಣಕಬೇಡಿ.

ಈ ಪೆಟ್ಟಿಗೆ ದುಬಾರಿ ಎನ್ನುವವರು ಚಿಂತಿಸಬೇಕಿಲ್ಲ. 52 ಎಲೆಯ ಇಸ್ಪೀಟಿನಲ್ಲಿ ಪೇಷನ್ಸ್ ಇದೆ, ಊರಿಗೆ ಹೋದಾಗ ಅಟ್ಟದಲ್ಲಿ ಹುಡುಕಿದರೆ ಅಳಗುಳಿಮಣೆ ಸಿಗಬಹುದು. ಆಟ ಯಾವುದಾದರೂ ಇರಲಿ. ನಮ್ಮಂತೆ ಊರು ಬಿಟ್ಟು ಬಂದು, ಬಾಗಿಲು ಹಾಕಿಕೊಂಡರೆ ಕನ್ನಡದ ಒಂದು ಮಾತೂ ಕಿವಿಗೆ ಬೀಳದ ಕೋಣೆಯಲ್ಲಿ ಇರುವವರಿಗೆ, ಸಂಜೆಯ ಒಂದು ಗಂಟೆ ಹೇಗೆ ಕಳೆಯುತ್ತದೆ ಎನ್ನುವುದು ಸಣ್ಣ ಸಂಗತಿಯಲ್ಲ.

ಇನ್ನು ಅಮ್ಮನ ಕಥೆ. 6ನೆಯ ತಾರೀಕು ಸಂಜೆ ಸಿಗ್ನಲ್ ಬಂತು. ಅಮ್ಮ ಮೊದಲು ಅತ್ತರು, ಆಮೇಲೆ ಊಟ ಮಾಡಿದೆಯಾ ಎಂದು ಕೇಳಿದರು, ಆಮೇಲೆ "ಎರಡು ದಿನ ಕರೆಂಟಿಲ್ಲದೆ ಏನು ಮಾಡ್ತಿದ್ದೆಯೇ?" ಎಂದರು. ಸುಳ್ಳು ಹೇಳಬಹುದಿತ್ತು. ನಿಂಜಾ ನೆನಪಾದ. "ಇಸ್ಪೀಟು ಆಡ್ತಿದ್ದೆ ಅಮ್ಮ" ಎಂದೆ. ಬೈಗುಳ ಸರಿಯಾಗಿಯೇ ಬಿತ್ತು. ಕೊನೆಗೆ, "ಅಲ್ಲ, ಒಬ್ಬಳೇ ಅದು ಹೇಗೆ ಆಡ್ತೀಯೇ? ಸೋತರೆ ಯಾರಿಗೆ ಸೋತ ಹಾಗೆ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಸಲ ಊರಿಗೆ ಬಂದಾಗ ತೋರಿಸುತ್ತೇನೆ ಎಂದೆ. ಪೆಟ್ಟಿಗೆ ಮನೆಯೊಳಗೆ ಬರಕೂಡದು, ಬೇಕಾದರೆ ಜಗಲಿಯ ಮೇಲೆ ಕೂತು ತೋರಿಸು ಎಂದರು.

ಜಗಲಿಯವರೆಗೆ ಬಂದಿದೆ, ಕೇಳುಗರೇ. ಲೋಕಿಯ ಲೆಕ್ಕವೂ ಹೇಳಿಬಿಡುತ್ತೇನೆ. ನೋಟ್‌ಬುಕ್ಕಿನ ಪ್ರಕಾರ ಅವನ ಎದುರು ಇವತ್ತಿಗೆ ನನ್ನ ಗೆಲುವು ಏಳು, ಸೋಲು ಹನ್ನೊಂದು. ಡಿಸೆಂಬರ್ 4ರ ರಾತ್ರಿಯ ಆಟವನ್ನು ನಾನು ಎರಡರಲ್ಲೂ ಸೇರಿಸಿಲ್ಲ.